ಡೊಂಕು ಹೊಲಿಗೆ

ಗುರುವಾರ, ಮಧ್ಯಾಹ್ನ

ಕತ್ತರಿಬಾಯಿಯ ನನ್ನ ಮಗಳೇ,

ದಿಂಬಿನ ಗವಸಿನ ಅಂಚು ಡೊಂಕಾಗಿದೆ, ಅಮ್ಮನಿಗೆ ಕಣ್ಣು ಹೋಯಿತು ಎಂದು ಗೊಣಗಿಕೊಂಡೇ ಬಿಚ್ಚಿರುತ್ತೀಯ. ನಲವತ್ತು ವರ್ಷ ಟೈಲರ್ ಆಗಿದ್ದವಳು ಬೇಕೆಂದೇ ಡೊಂಕು ಹೊಲಿದೆ, ನೀನು ಬಿಚ್ಚಲಿ, ಒಳಗಿನ ಈ ಕಾಗದ ಸಿಗಲಿ ಅಂತ. ಪಾರ್ಸೆಲಿನಲ್ಲಿರುವ ಇನ್ನೊಂದು ಕಾಗದವನ್ನು ನಂಬಬೇಡ. ಅದನ್ನು ಇಲ್ಲಿನ ಮೇಟ್ರನ್ ಓದಿ, "ಊಟ ಚೆನ್ನಾಗಿದೆ ಅಂತ ಒಂದು ಸಾಲು ಸೇರಿಸಿ ಅಜ್ಜಿ" ಅಂದರು. ಸೇರಿಸಿದೆ.

ಈ ವೃದ್ಧಾಶ್ರಮದಲ್ಲಿ ನನಗೆ ಕೈತುಂಬ ಕೆಲಸ. ಮೂರು ತಿಂಗಳಲ್ಲಿ ಹನ್ನೊಂದು ಜನರ ಅಂಗಿ ಬಿಗಿ ಮಾಡಿಕೊಟ್ಟೆ. ಸಡಿಲ ಮಾಡಿದ್ದು ಮೇಟ್ರನ್ ಕೋಟು ಒಂದೇ, ಅದೂ ಎರಡು ಸಲ. "ಒಗೆದು ಒಗೆದು ಕುಗ್ಗಿಬಿಟ್ಟಿದೆ ಅಜ್ಜಿ" ಅಂದರು. ಅದೇ ಸೋಪಿಗೆ ಅವರ ಬಟ್ಟೆ ಕುಗ್ಗುತ್ತದೆ, ನಮ್ಮದು ಹಿಗ್ಗುತ್ತದೆ.

ಭಾನುವಾರ ನೀನು ಬಂದಾಗ ಕಾಣುವ ಬಿಳಿ ಹಾಸು, ನೀರಿನ ಜಗ್ಗು, ಸೇಬು ಎಲ್ಲ ಹತ್ತಕ್ಕೆ ಬಂದು ಐದಕ್ಕೆ ವಾಪಸ್ ಹೋಗುತ್ತವೆ. ಸೇಬಿನ ತೊಟ್ಟಿಗೆ ಕೆಂಪು ನೂಲು ಕಟ್ಟಿ ನೋಡಿದೆ. ನಾಲ್ಕು ಭಾನುವಾರದಿಂದ ಅದೇ ಸೇಬು. ಈಗ ಅದಕ್ಕೆ ನನಗಿಂತ ಹೆಚ್ಚು ಸುಕ್ಕು. ನಿನಗೆ ಹೇಳೋಣವೆಂದರೆ ಮೇಟ್ರನ್ ನಿನ್ನ ಪಕ್ಕ ಬಿಟ್ಟು ಕದಲುವುದಿಲ್ಲ.

ಪಕ್ಕದ ಮಂಚದಲ್ಲಿ ಹೆಡ್‌ಮಿಸ್ ಇದ್ದಾರೆ, ಶಾಲೆ ನಡೆಸಿದವರು. "ನೀರು ಕೇಳಿದ್ರೆ ಆಮೇಲೆ ಅಂತಾರೆ. ಎಷ್ಟು ಮಕ್ಕಳನ್ನ ನೋಡಿಲ್ಲ ನಾನು, ಆಮೇಲೆ ಅಂದ್ರೆ ಇಲ್ಲ ಅಂತ ಕಣ್ರೀ" ಎಂದು ಬಿಡದೆ ಗಂಟೆ ಒತ್ತುತ್ತಿದ್ದರು.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಪರದೆ ಕಟ್ಟೋಕೆ ಮೆತ್ತನೆ ಪಟ್ಟಿ ಬೇಕು ಎಂದು ಮೇಟ್ರನ್ ಕೇಳಿದರು. ನನ್ನನ್ನು ಕೇಳಿದರಲ್ಲ ಎಂದು ಹಿಗ್ಗಿಹೋಗಿ, ಹರಿಯದಂತೆ ಎರಡೆರಡು ಹೊಲಿಗೆ ಹಾಕಿಕೊಟ್ಟೆ. ನಮ್ಮ ಕಿಟಕಿಗೆ ಪರದೆಯೇ ಇಲ್ಲ ಎಂಬುದು ಹೊಳೆಯಲಿಲ್ಲ. ಮರುದಿನ ಆ ಪಟ್ಟಿಗಳು ಹೆಡ್‌ಮಿಸ್ ಮಣಿಕಟ್ಟಿಗೂ ಮಂಚದ ಕಂಬಿಗೂ ನಡುವೆ ಇದ್ದವು. ಚರ್ಮ ಕಪ್ಪಗಾಗಿದೆ. "ಹೊಲಿಗೆ ಮಾತ್ರ ಫಸ್ಟ್ ಕ್ಲಾಸ್ ರೀ" ಅಂದರು ಹೆಡ್‌ಮಿಸ್. ನನಗೆ ನಗು ಬರಲಿಲ್ಲ.

ನಿಮ್ಮಪ್ಪನ ಅಂಗಿಯನ್ನೂ ಕೊನೆಯ ತಿಂಗಳು ಇಲ್ಲಿ ಎರಡು ಸಲ ಬಿಗಿ ಮಾಡಿದ್ದೆ. ಕಾಯಿಲೆ ಅಂದುಕೊಂಡೆ. ಟೇಪು ನನ್ನ ಕೈಯಲ್ಲೇ ಇತ್ತು.

ಭಾನುವಾರ ಬರಬೇಡ. ಮಂಗಳವಾರ ಹೇಳದೆ ಬಾ, ಒಬ್ಬ ಡಾಕ್ಟರನ್ನೂ ಆ ನಿನ್ನ ಬಾಯನ್ನೂ ಕರೆದುಕೊಂಡು. ಮೊದಲು ಹೆಡ್‌ಮಿಸ್ ತೋಳು ನೋಡು, ಆಮೇಲೆ ನನ್ನನ್ನು ಮಾತಾಡಿಸು.

ಕಣ್ಣು ಇನ್ನೂ ನೆಟ್ಟಗಿರುವ
ನಿನ್ನ ಅಮ್ಮ

ತಾ.ಕ.: ನಿನ್ನೆ ಮೇಟ್ರನ್ ಹೊಸ ಪಟ್ಟಿ ಕೇಳಿದರು. ನೋಡಲು ಗಟ್ಟಿಯಾಗಿಯೇ ಹೊಲಿದಿದ್ದೇನೆ, ಆದರೆ ಒಂದೇ ನೂಲು, ತುದಿ ಬೆರಳಿಗೆ ಸಿಗುತ್ತದೆ. ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೆಡ್‌ಮಿಸ್‌ಗೆ ಪಾಠ ಮಾಡಿದ್ದಾಗಿದೆ, ಪಾಸಾದರು. ಈ ಸಲ ಮೇಟ್ರನ್ ಕೇಳಿದ್ದು ಎರಡು ಜೊತೆ. ಎರಡನೆಯದಕ್ಕೆ ನನ್ನ ಕೈಯ ಅಳತೆಯನ್ನೇ ತೆಗೆದುಕೊಳ್ಳಿ ಅಂದರು.