ಕಾಲುವೆ ದಾಟಿದ ಜಿಂಕೆ

ಬೆಲ್‌ಹೇವನ್, ಅಕ್ಟೋಬರ್ ೨೯

ಪ್ರೀತಿಯ ಅಕ್ಕಾ,

ನಾವು ಗಂಡ ಹೆಂಡತಿ ಇಬ್ಬರೂ ಕ್ಷೇಮ, ದೋಣಿಯೂ ಕ್ಷೇಮ. ದಕ್ಷಿಣಕ್ಕೆ ಸಾಗುತ್ತಾ ಉತ್ತರ ಕ್ಯಾರೊಲೈನಾದವರೆಗೆ ಬಂದಿದ್ದೇವೆ. ನಿನ್ನೆ ಬೆಳಿಗ್ಗೆ ಉದ್ದನೆಯ ಕಾಲುವೆಯಲ್ಲಿ ಎಂಥ ಮಂಜು ಅಂತೀಯಾ! ನೀರೆಲ್ಲಿ, ದಡವೆಲ್ಲಿ ಒಂದೂ ಗೊತ್ತಾಗದೆ ಆಕಾಶದಲ್ಲೇ ತೇಲುತ್ತಿದ್ದ ಹಾಗಿತ್ತು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಮಾರ್ಚ್‌ನಲ್ಲಿ ಲಕ್ವ ಹೊಡೆದು ಮಾತು ನಿಂತ ಮೇಲೆ ವೆಂಡೆಲ್ ಅದನ್ನು ಮುಟ್ಟಿರಲಿಲ್ಲ. ಕಂಬಳಿ ಹೊದ್ದು ಸುಮ್ಮನೆ ಕೂತಿರುತ್ತಿದ್ದ. ಇದ್ದಕ್ಕಿದ್ದಂತೆ ದೋಣಿಯ ಮುಂದೆಯೇ ಒಂದು ಜಿಂಕೆ, ಕೊಂಬು ಮೂಗು ಮಾತ್ರ ಮೇಲಿಟ್ಟುಕೊಂಡು ಈಜುತ್ತಾ ಬಂತು.

"ತಿರುಗಿಸೇ, ಪಾಪ ಅದು ದಾಟ್ಲಿ!"

ಕೂಗಿದವನು ವೆಂಡೆಲ್! ತೊದಲಿದರೂ ಪೂರ್ತಿ ಮಾತು. ತಾನೇ ಬಂದು ನನ್ನ ಕೈಮೇಲೆ ಕೈಯಿಟ್ಟು ಚುಕ್ಕಾಣಿ ತಿರುಗಿಸಿದ. ಜಿಂಕೆ ದಡ ಹತ್ತಿ, ಮೈ ಕೊಡವಿ, ಮಂಜಿನೊಳಗೆ ಕರಗಿತು. ನಾವು ಎಂಜಿನ್ ಆರಿಸಿ ತೇಲುತ್ತಾ ಬಹಳ ಹೊತ್ತು ಅತ್ತೆವು.

ಅವನ ರಕ್ತದೊತ್ತಡದ ಮಾತ್ರೆ ಎರಡು ವಾರಕ್ಕಿದೆ. ಮುಂದಿನದನ್ನು ನಾವು ಅಷ್ಟರಲ್ಲಿ ತಲುಪುವ ಚಾರ್ಲ್ಸ್‌ಟನ್ ಅಂಚೆ ಕಚೇರಿಗೆ ಕಳಿಸು. ಕಾರ್ಡು ತುಂಬಿತು. "ಎಷ್ಟು ಬರೀತೀಯೇ, ಬಂದು ಹಗ್ಗ ಬಿಚ್ಚು!" ಅಂತ ಬೈಯುತ್ತಿದ್ದಾನೆ. ಬೈಸಿಕೊಂಡು ಏಳು ತಿಂಗಳಾಗಿತ್ತು, ಅಕ್ಕಾ.

ನಿನ್ನ ವರ್ನಾ