ಮುಚ್ಚಿದ ಗುಂಡಿ

ಮಾರ್ಚ್ 23, ಬೆಳಿಗ್ಗೆ

ಪಾಲಿಕೆಯವರು ಕೊಟ್ಟ ಮಾತು: ಹಸಿ ಕಸಕ್ಕೆ ಬೇರೆ ಲಾರಿ. ಊರಾಚೆಯ ಕಸದ ಬೆಟ್ಟ ಇನ್ನು ಬೆಳೆಯದು. ಅಲ್ಲೇಳುವ ಮೀಥೇನ್ ಅನಿಲ ಹಿಡಿಯುತ್ತಾರೆ.

ಆಮೇಲೆ ಅವರೇ ಇಲ್ಲವೆಂದದ್ದು: ಬೇರೆ ಲಾರಿಯ ಮಾತು. ಬೆಟ್ಟದ ಬೆಂಕಿ. ಅಲ್ಲಿ ಮೀಥೇನ್ ಇದೆ ಎಂಬುದೇ.

ಇವತ್ತೂ ಒಂದೇ ಲಾರಿ. ನಾವು ಬೇರ್ಪಡಿಸಿದ್ದನ್ನು ನಮ್ಮೆದುರೇ ಕಲೆಸಿತು. ಅದಕ್ಕೇ ಲೋಧಿ ಕಾಲೋನಿಯ ನಮ್ಮ ಪಾರ್ಕಿನಲ್ಲಿ ಈ ಗೊಬ್ಬರದ ಗುಂಡಿ. ಇದು ಉಳಿದರೆ ಪಕ್ಕದ ಬ್ಲಾಕಿನವರೂ ತೋಡುತ್ತಾರೆ. ಮುಚ್ಚಿದರೆ ಎಲ್ಲವೂ ಮತ್ತೆ ಬೆಟ್ಟಕ್ಕೆ.

ಮಾರ್ಚ್ 26

ರಾಮನವಮಿ. ಪಾರ್ಕಿನಲ್ಲಿ ಕನ್ನಡದವರ ಪಾನಕ, ಕೋಸಂಬರಿ. ವಾಸನೆ ಬರಬಾರದೆಂದು ನಮ್ಮ ಬ್ಲಾಕಿನ ಶಾರದಮ್ಮ ಗುಂಡಿಗೆ ಟಾರ್ಪಾಲು ಹೊದಿಸಿ, ಸುತ್ತ ಇಟ್ಟಿಗೆ ಇಟ್ಟರು. ಅಚ್ಚುಕಟ್ಟು. ನಾನೂ ಹೊಗಳಿದೆ.

ಏಪ್ರಿಲ್ 11

ಟಾರ್ಪಾಲು ಯಾರೂ ತೆಗೆದಿರಲಿಲ್ಲ. ಕಸ ಮಾತ್ರ ಅಂಚು ಎತ್ತಿ ಒಳಗೆ ಸುರಿಯುತ್ತಲೇ ಇದ್ದೆವು.

ಸಂಶೋಧನೆ ಮಾಡುವ ಹುಡುಗಿ ಸ್ಫೂರ್ತಿ ಗ್ಯಾಸ್ ಮೀಟರ್ ತಂದಳು. ನಾನೇ ಕರೆದದ್ದು — ನಮ್ಮ ಗುಂಡಿ ಎಷ್ಟು ಶುದ್ಧ ಎಂದು ತೋರಿಸಲು. ಮೀಟರಿನ ಕೊಳವೆ ಟಾರ್ಪಾಲಿನಡಿ ಹೋದದ್ದೇ ಮೀಥೇನ್ ಅಂಕಿ ಏರಿತು. ಇಳಿಯಲೇ ಇಲ್ಲ.

ಕಾಲೋನಿ ಸಂಘದ ಕಾರ್ಯದರ್ಶಿ ಏಕನಾಥ ಪಕ್ಕದಲ್ಲೇ ಇದ್ದರು. "ಅಚ್ಛಾ. ಬೆಟ್ಟಕ್ಕೆ ಬೈತಿದ್ರಿ, ಸುಮಿತ್ರಾ ಅವರೇ. ಮರಿಬೆಟ್ಟ ನೀವೇ ಸಾಕಿದೀರಲ್ಲ. ಮೀಟಿಂಗಲ್ಲಿ ಮುಚ್ಚಿಸೋಣ, ಚಲೋ."

ಶಾರದಮ್ಮನ ಮುಖ ಸಣ್ಣದಾಯಿತು. "ಜನ ಪಾನಕ ಕುಡಿಯೋವಾಗ ನಾತ ಬೇಡ ಅಂತ ಮುಚ್ಚಿದ್ದೆ ಕಣಮ್ಮ."

"ಆಂಟಿ, ಗಾಳಿ ಸಿಗದೆ ಕೊಳೆತ್ರೆ ಮೀಥೇನೇ," ಎಂದಳು ಸ್ಫೂರ್ತಿ. "ಬೆಟ್ಟದ ಹೊಟ್ಟೇಲೂ ಇದೇ ಆಗ್ತಿರೋದು. ಇದನ್ನಾದ್ರೆ ಬಿಚ್ಚಬಹುದು. ತಿರುವಿ, ಒಣ ಎಲೆ ಹಾಕಿ."

ಏಪ್ರಿಲ್ 12

ನಮ್ಮ ಕಸದ ಹೋರಾಟದ ಮನೋಜನ ಫೋನ್. "ಅಕ್ಕಾ, ಮೀಟರ್ ಕೆಟ್ಟಿತ್ತು ಅನ್ನಿ. ಈಗ ಒಪ್ಪಿಕೊಂಡ್ರೆ ಗುಂಡೀನೂ ಹೋಯ್ತು, ಮರ್ಯಾದೇನೂ ಹೋಯ್ತು."

"ಬೆಟ್ಟದ ಗ್ಯಾಸ್ ಅಳೆದಾಗ ಪಾಲಿಕೆಯವರೂ ಅದನ್ನೇ ಅಂದಿದ್ದು ಕಣೋ. ಮೀಟರ್ ಕೆಟ್ಟಿದೆ ಅಂತ."

ಫೋನ್ ಇಟ್ಟುಬಿಟ್ಟ. ಸಿಟ್ಟಿರಬೇಕು. ಇರಲಿ. ಸುಳ್ಳು ಹೇಳಿ ಉಳಿಸಿಕೊಂಡ ಗುಂಡಿಯ ಪಕ್ಕ ನಿಂತು ಯಾರ ಸುಳ್ಳನ್ನು ಪ್ರಶ್ನಿಸುವುದು?

ಏಪ್ರಿಲ್ 17

ಟಾರ್ಪಾಲು ತೆಗೆದು ಐದು ದಿನ. ದಿನಾ ತಿರುವುತ್ತಿದ್ದೇವೆ. ಬೇವಿನೆಲೆ ಗುಡಿಸುವವರು ಸುಡದೆ ನಮಗೇ ತಂದು ಸುರಿಯುತ್ತಾರೆ. ಅಂಕಿ ಇಳಿದಿದೆ, ಸೊನ್ನೆಯಾಗಿಲ್ಲ. ಅಂದಿನದು, ಇಂದಿನದು, ಎರಡು ಅಂಕಿಗಳನ್ನೂ ನೋಟಿಸ್ ಬೋರ್ಡಿಗೆ ಹಚ್ಚಿದೆ.

"ಮುಚ್ಚಿದ್ದು ನಾನೇ ಅಂತ ಮೀಟಿಂಗಲ್ಲಿ ಹೇಳ್ತೀಯಾ?" ಶಾರದಮ್ಮ ಕೇಳಿದರು.

"ನಾವು ಮುಚ್ಚಿದ್ವಿ ಅಂತೀನಿ."

"ಬೇಡ. ನಾನೇ ಹೇಳ್ತೀನಿ. ಹಿಂದೀಲಿ ತಪ್ಪಾದ್ರೆ ನಗಬೇಡ."

ಗುಂಡಿ ಇರಬೇಕೋ ಬೇಡವೋ, ಕಾಲೋನಿಯವರು ಮತ ಹಾಕುತ್ತಾರೆ. ಗೆಲ್ಲುತ್ತೇವೆಂದು ಬರೆಯಲಾರೆ. ಸಭೆ ಭಾನುವಾರ, ಏಪ್ರಿಲ್ 19, ಬೆಳಿಗ್ಗೆ ಏಳಕ್ಕೆ, ಬಿಚ್ಚಿಟ್ಟ ಗುಂಡಿಯ ಹತ್ತಿರವೇ.