ಶುಕ್ರವಾರದೊಳಗೆ ಒಂದು ಮಾತು

ಮನೆಯಿಂದ,
ಮಂಗಳವಾರ ಸಂಜೆ, ಅಂಗಡಿ ಬಾಗಿಲು ಹಾಕಿದ ಮೇಲೆ

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ನಿನ್ನ ಮಂಡಿನೋವು ಕಡಿಮೆಯಾಯಿತಾ? ನಿಮ್ಮಕ್ಕನ ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಮುರಿದಿರೋದು ಅವರ ಕಾಲು, ಕುಂಟುತ್ತಿರೋದು ನಮ್ಮ ಅಡುಗೆಮನೆ ಅಂತ ನಾನು ಹೇಳಿದೆ ಅಂತ ಹೇಳು. ಶನಿವಾರ ನಾನು ಮಾಡಿದ ಅನ್ನವನ್ನ ಮಗಳು ಸೌಟಿನಲ್ಲಿ ತಟ್ಟಿ ನೋಡಿ, "ಅಪ್ಪಾ, ಇದು ಸೇತುವೆ ಕಟ್ಟೋಕೆ ಆಗುತ್ತೆ" ಅಂದಳು. ಸೇತುವೆ ಕಟ್ಟೋ ಓದು ಓದಿದವಳು, ಸುಳ್ಳು ಹೇಳ್ತಾಳಾ? ಬಾಯಿ ಮುಚ್ಚಿಕೊಂಡು ತಿಂದೆ.

ಫೋನಿರುವಾಗ ಕಾಗದ ಯಾಕೆ ಅಂತ ನೀನು ಹುಬ್ಬು ಗಂಟು ಹಾಕ್ತೀಯ, ಗೊತ್ತು. ಮನೆಯಲ್ಲಿ ಮಾತಾಡಿದರೆ ಮಗಳ ಕಿವಿ, ಅಂಗಡಿಯಲ್ಲಿ ಮಾತಾಡಿದರೆ ಊರ ಕಿವಿ. ಅದಕ್ಕೇ ಆ ಕಡೆ ಬರುವ ಬಸ್ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸ್ತಿದ್ದೀನಿ. ಅವನ ಮೀಸೆ ಹೇಗಿದೆ ನೋಡು, ನನ್ನ ಕೈಕೆಲಸ.

ಹೊರದೇಶದ ಕಾಲೇಜಿನವರು ಮಗಳನ್ನ ಕಂಪ್ಯೂಟರಿನಲ್ಲಿ ಮಾತಾಡಿಸಿದ ಕಥೆ ನಿನಗೆ ಪೂರ್ತಿ ಹೇಳಿಲ್ಲ. ಮಹಡಿ ಮನೆಯವರು ಗೋಡೆ ಕೊರೆಯುತ್ತಿದ್ದರು, ಸದ್ದೋ ಸದ್ದು. ಅಂಗಡಿಯಲ್ಲೇ ಕೂರು ಅಂದೆ. ಅವರ ಗಡಿಯಾರಕ್ಕೂ ನಮ್ಮದಕ್ಕೂ ಲೆಕ್ಕ ಹಾಕಿದ್ದು ನಾನು, ಒಂದು ಗಂಟೆ ತಪ್ಪಿಹೋಯಿತು. ನಮ್ಮ ರಿಟೈರ್ಡ್ ಪೋಸ್ಟ್ ಮಾಸ್ಟರ ಮುಖಕ್ಕೆ ಆಗಷ್ಟೇ ಸೋಪು ಹಚ್ಚಿದ್ದೆ, ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಮೂರು ತಲೆ ಕಾಣಿಸಿದವು. ಮಗಳ ಬೆನ್ನ ಹಿಂದೆ ಬಿಳಿ ಗಡ್ಡದ ಬೊಂಬೆಯ ಹಾಗೆ ಪೋಸ್ಟ್ ಮಾಸ್ಟರು, ಪಕ್ಕದಲ್ಲಿ ರೇಜರ್ ಹಿಡಿದ ನಾನು. ಮೇಡಮ್ಮೊಬ್ಬರು ಏನೋ ಕೇಳಿದರು, ಇವಳು ಏನೋ ಹೇಳಿದಳು, ಮೂವರೂ ಬಿದ್ದು ಬಿದ್ದು ನಕ್ಕರು. ನನಗೊಂದೂ ಅರ್ಥವಾಗದಿದ್ದರೂ ಜೊತೆಗೆ ನಕ್ಕೆ. ಸೋಪು ಒಣಗಿ ಹಕ್ಕಳೆಯಾಗಿ ಉದುರುವವರೆಗೂ ಪೋಸ್ಟ್ ಮಾಸ್ಟರು ಅಲುಗಾಡಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು: "ಮನೆಯವರು ಒಪ್ತಾರಾ ಅಂತ ಕೇಳಿದರು ಕಣಯ್ಯ. ಅಮ್ಮ ಒಪ್ಪಿದರೆ ಅಪ್ಪನೂ ಒಪ್ಪಿದ ಹಾಗೇ ಅಂದಳು ನಿನ್ನ ಮಗಳು." ನನ್ನ ಮರ್ಯಾದೆ ಸಮುದ್ರ ದಾಟಿ ಹೋಯಿತು ನೋಡು!

ಭಾನುವಾರ ಸೀಟು ಸಿಕ್ಕ ಸುದ್ದಿ ಬಂತು. ಎರಡು ವರ್ಷ. ಓದು, ಊಟ, ರೂಮು ಎಲ್ಲ ಅವರದ್ದೇ. ನಿನಗೆ ಫೋನ್ ಮಾಡಿ ಹೇಳಿದಳಲ್ಲ, ನೀನು "ಬಚ್ಚಲುಮನೆ ನಲ್ಲಿ ರಿಪೇರಿ ಆಯ್ತಾ?" ಅಂತ ಕೇಳಿದೆಯಂತೆ. ನನಗೆ ನೀನು ಗೊತ್ತು. ನಾನು ಸ್ಕೂಟರಿಂದ ಬಿದ್ದು ಆಸ್ಪತ್ರೆ ಸೇರಿದ ದಿನವೂ, ಬಂದವಳೇ ಹಾಲು ಕಾಯಿಸಿಟ್ಟಿದ್ದೀರಾ ಅಂತ ಕೇಳಿದವಳು ನೀನು. ಎದೆ ತುಂಬಿ ಬಂದರೆ ನಿನಗೆ ಮನೆಗೆಲಸ ನೆನಪಾಗುತ್ತೆ. ಆದರೆ ಅವಳಿನ್ನೂ ಚಿಕ್ಕವಳು, ಅಮ್ಮನಿಗೆ ಇಷ್ಟವಿಲ್ಲ ಅಂತ ತಿಳಿದಿದ್ದಾಳೆ. "ಬಿಡಪ್ಪಾ, ಇಲ್ಲೇ ಕೆಲಸ ಹುಡುಕ್ತೀನಿ" ಅಂತ ತೆಗೆದಿಟ್ಟ ಪೆಟ್ಟಿಗೆಯನ್ನ ಮತ್ತೆ ಅಟ್ಟಕ್ಕೆ ಹಾಕಿದಳು. ಎರಡು ದಿನದಿಂದ ನನ್ನ ಅಡುಗೆಯನ್ನೂ ಬೈತಾ ಇಲ್ಲ. ಅದೇ ನನಗೆ ಹೆದರಿಕೆ.

ನೀನು ಬರುವುದು ಭಾನುವಾರ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಮ್ಮಕ್ಕನನ್ನ ಎತ್ತಿ ಕೂರಿಸುವಾಗ ನಿನ್ನ ಸೊಂಟ ಹುಷಾರು. ಎಲ್ಲರನ್ನೂ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಕೈಯಲ್ಲಿ ಬೈಸಿಕೊಳ್ಳದೆ ಬೇಜಾರಾಗಿರುವ
ನಿನ್ನ ಗಂಡ

ಮರೆತಿದ್ದೆ, ಡ್ರೈವರ್ ಹಾರ್ನ್ ಹೊಡೀತಿದ್ದಾನೆ: ಕಾಲೇಜಿನವರಿಗೆ ಉತ್ತರ ಕೊಡೋಕೆ ಶುಕ್ರವಾರವೇ ಕೊನೆ. ಭಾನುವಾರ ಬಂದು ಹೇಳಿದರೆ ಆಗಲ್ಲ. ಕಾಗದ ಓದಿದ ತಕ್ಷಣ ಫೋನ್ ಮಾಡಿ "ಹೋಗು ಮಗಳೇ" ಅನ್ನು. ನಾನು ಮೂರು ಸಲ ಹೇಳಿದೆ, ಮೂರು ಸಲವೂ "ಅಪ್ಪಾ, ತಮಾಷೆ ಸಾಕು" ಅಂದಳು. ಅಳದೆ ಹೇಳೋಕೆ ನನಗೆ ಬೇರೆ ದಾರಿ ಗೊತ್ತಿಲ್ಲ ಕಣೇ.